ಕೈ, ಮಾತು ಮತ್ತು ಅಕ್ಷರ: ಬೆಂಗಳೂರಿನ ಹೊರವಲಯದ ಶಾಲಾಪೂರ್ವ ಶಿಕ್ಷಣವನ್ನು ಕುರಿತು

೧

ಕರ್ನಾಟಕದಲ್ಲಿ ಶಿಕ್ಷಣ ಮತ್ತು ಭಾಷೆಯ ಸಂಬಂಧವನ್ನು ಕುರಿತ ಚರ್ಚೆಗೆ ನಾಲ್ಕು ದಶಕಗಳಿಗೂ ಮಿಕ್ಕಿದ ಇತಿಹಾಸವಿದೆ. ೧೯೮೧ರ ಗೋಕಾಕ್ ವರದಿ ಪ್ರೌಢಶಾಲೆಯ ಪ್ರಥಮ ಭಾಷೆಯ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು. ೧೯೯೪ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಬೋಧನಾ ಮಾಧ್ಯಮವನ್ನು ಕುರಿತದ್ದಾಗಿತ್ತು. ಆ ಆದೇಶದ ಸುತ್ತ ನಡೆದ ವ್ಯಾಜ್ಯವು ೨೦೦೮ರಲ್ಲಿ ರಾಜ್ಯ ಉಚ್ಚ ನ್ಯಾಯಾಲಯದ ಪೂರ್ಣಪೀಠವನ್ನು ದಾಟಿ, ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ತೀರ್ಪಿನಲ್ಲಿ ಕೊನೆಗೊಂಡಿತು; ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಕಡ್ಡಾಯಗೊಳಿಸುವಂತಿಲ್ಲವೆಂಬುದು ಅದರ ಸಾರ. ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳೆಲ್ಲವೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು ವಿಧಿಸಿ, ಅದನ್ನು ಒಂದನೆಯ ತರಗತಿಯಿಂದ ಆರಂಭಿಸಿತು.

ಈ ಎಲ್ಲ ಘಟ್ಟಗಳಲ್ಲಿಯೂ ಸಮಾನವಾದ ಒಂದು ಅಂಶವಿದೆ. ಮಗು ಒಂದನೆಯ ತರಗತಿಯ ಹೊಸ್ತಿಲನ್ನು ದಾಟಿದ ಮೇಲಷ್ಟೇ ಅದರ ಭಾಷೆಯ ಪ್ರಶ್ನೆ ಹುಟ್ಟುತ್ತದೆಂದು ಇವು ಭಾವಿಸಿವೆ. ವಾಸ್ತವದಲ್ಲಿ ಆ ಹೊಸ್ತಿಲಿಗೆ ಬರುವ ಮೊದಲಿನ ಮೂರು ವರ್ಷಗಳಲ್ಲಿಯೇ ಬಹುಪಾಲು ನಿರ್ಧಾರವಾಗಿ ಹೋಗಿರುತ್ತದೆ. ಮೂರರಿಂದ ಆರು ವರ್ಷದ ಅವಧಿಯಲ್ಲಿ ಮಗು ತನ್ನ ಕೈಯಿಂದ ಏನನ್ನು ಮುಟ್ಟಿತು, ಮುಟ್ಟಿದ್ದನ್ನು ಯಾವ ಮಾತಿನಲ್ಲಿ ಹೆಸರಿಸಿತು ಎಂಬುದು ಮುಂದಿನ ಕಲಿಕೆಯ ತಳಹದಿ. ಕೈಯಿಂದ ಮಾಡಿ ಕಲಿಯುವುದು ಆಟಪಾಟದ ಒಂದು ವಿಧಾನವಷ್ಟೇ ಎಂಬ ತಿಳುವಳಿಕೆ ನಮ್ಮಲ್ಲಿ ಬಲವಾಗಿದೆ. ಅದು ಮೂಲತಃ ಭಾಷೆಯ ಕಲಿಕೆ ಎಂಬುದು ಪ್ರಸ್ತುತ ಲೇಖನದ ನಿಲುವು. ಹಾಗಾಗಿ ಇದು ಶಿಕ್ಷಣಶಾಸ್ತ್ರದವರಿಗೆ ಬಿಟ್ಟುಕೊಡಬಹುದಾದ ವಿಷಯವಲ್ಲ. ಕನ್ನಡ ಅಧ್ಯಯನ ವಿಭಾಗಗಳು ಎದುರಿಸಬೇಕಾದ ವಿಷಯ.

ಈ ಪ್ರಶ್ನೆಗೆ ಈಗ ಹೊಸದೊಂದು ತುರ್ತು ಒದಗಿದೆ. ಒಂದನೆಯ ತರಗತಿಗೆ ಸೇರಲು ಜೂನ್ ೧ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರ್ಕಾರ ೨೦೨೨ರಲ್ಲಿ ಹೊರಡಿಸಿತು. ಪೋಷಕರ ಒತ್ತಾಯದ ಮೇರೆಗೆ ೨೦೨೫ರ ಏಪ್ರಿಲ್‌ನಲ್ಲಿ ಅದನ್ನು ೨೦೨೫–೨೬ನೆಯ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿ, ಮುಂದಿನ ಸಾಲಿನಿಂದ ಆರು ವರ್ಷ ಕಡ್ಡಾಯವೆಂದು ಪ್ರಕಟಿಸಿತು. ಶಾಲೆಯ ಹೊರಗೆ ಹೀಗೆ ದೊರೆತ ಹೆಚ್ಚಿನ ಕಾಲದಲ್ಲಿ ಮಗು ಏನು ಮಾಡಬೇಕು ಎಂಬ ಬಗೆಗೆ ಮಾತ್ರ ಹೆಚ್ಚಿನ ಚಿಂತನೆ ನಡೆಯಲಿಲ್ಲ.

೨

ಈ ಪ್ರಶ್ನೆಯನ್ನು ಬೆಂಗಳೂರಿನ ಹೊರವಲಯದಲ್ಲಿ ನಿಂತು ಕೇಳುವುದು ಉಚಿತ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್ ಪ್ರದೇಶಗಳು ಅರ್ಧ ಶತಮಾನದೊಳಗೆ ಗುರುತು ಸಿಗದಂತೆ ಮಾರ್ಪಟ್ಟಿವೆ. ಪೀಣ್ಯದಲ್ಲಿ ಲೇತ್, ಅಚ್ಚು, ಎರಕ, ಸಿದ್ಧ ಉಡುಪುಗಳ ಸಾವಿರಾರು ಸಣ್ಣ ಮತ್ತು ಮಧ್ಯಮ ಘಟಕಗಳಿವೆ. ೧೯೭೦ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯನ್ನು ಮುನ್ನಡೆಸುತ್ತಿದ್ದ ಆರ್. ಕೆ. ಬಾಳಿಗ ಅವರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ೧೯೯೦ರ ದಶಕದ ಟೆಕ್ ಪಾರ್ಕ್ ವೈಟ್‌ಫೀಲ್ಡಿನ ಸುತ್ತಲಿನ ಹೂಡಿ, ಕಾಡುಗೋಡಿ, ಪಟ್ಟಂದೂರು ಅಗ್ರಹಾರ, ವರ್ತೂರುಗಳ ಚಹರೆಯನ್ನೇ ಬದಲಿಸಿತು.

ಈ ಪ್ರದೇಶಗಳಲ್ಲಿ ನಾಲ್ಕು ವರ್ಷದ ಮಕ್ಕಳು ಮೂರು ಬಗೆಯ ಲೋಕಗಳಲ್ಲಿ ಬೆಳೆಯುತ್ತಿದ್ದಾರೆ. ಕಾವಲುಗಾರರಿರುವ ಬಹುಮಹಡಿ ಸಮುಚ್ಚಯಗಳ ಮಕ್ಕಳು ಮಾಂಟೆಸ್ಸರಿ ಹೆಸರಿನ ಅಥವಾ ಅಂಥ ಬೇರೊಂದು ಪದ್ಧತಿಯ ದುಬಾರಿ ಶಿಶುಶಾಲೆಗಳಿಗೆ ಹೋಗುತ್ತಾರೆ. ಲಗ್ಗೆರೆ, ಹೆಗ್ಗನಹಳ್ಳಿ, ಹೆಬ್ಬಗೋಡಿಗಳ ವಠಾರಗಳಲ್ಲಿ ಮತ್ತು ಶೀಟಿನ ಮನೆಗಳಲ್ಲಿ ವಾಸಿಸುವ ಗಾರ್ಮೆಂಟ್ಸ್ ಮತ್ತು ಕಾರ್ಖಾನೆ ಕಾರ್ಮಿಕರು ಹೊಟ್ಟೆ ಬಟ್ಟೆ ಕಟ್ಟಿ ತಮ್ಮ ಮಕ್ಕಳನ್ನು ಬೀದಿಬದಿಯ ‘ಇಂಗ್ಲಿಷ್ ನರ್ಸರಿ’ಗೆ ಸೇರಿಸುತ್ತಾರೆ, ಅದು ಸಾಧ್ಯವಾಗದವರು ಅಂಗನವಾಡಿಗೆ ಕಳುಹಿಸುತ್ತಾರೆ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದಲೂ ಹೊರರಾಜ್ಯಗಳಿಂದಲೂ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ನೆಲೆಸಿದವರ ಮಕ್ಕಳಲ್ಲಿ ಅನೇಕರಿಗೆ ಈ ಯಾವುದೂ ಇಲ್ಲ. ಕಟ್ಟಡ ಮುಗಿದಾಗ ಶೆಡ್ಡು ಏಳುತ್ತದೆ; ಶೆಡ್ಡಿನೊಡನೆ ಮಗುವೂ ಹೊರಡುತ್ತದೆ.

ಈ ಸಂಸ್ಥೆಗಳನ್ನು ಕರೆಯುವ ಪದಗಳೂ ಗಮನಾರ್ಹ. ಶಿಶುವಿಹಾರ, ಬಾಲವಾಡಿ, ಅಂಗನವಾಡಿ ಎಂಬ ಮಾತುಗಳಲ್ಲಿ ವಿಹಾರವಿತ್ತು, ವಾಡಿಯಿತ್ತು, ಅಂಗಳವಿತ್ತು. ಅವುಗಳ ಜಾಗಕ್ಕೆ ಬಂದ ಎಲ್‌ಕೆಜಿ, ಯುಕೆಜಿ ಎಂಬ ಸಂಕ್ಷೇಪಗಳಲ್ಲಿ ಉಳಿದಿರುವುದು ‘ಕೆಳಗಿನದು’, ‘ಮೇಲಿನದು’ ಎಂಬ ಶ್ರೇಣಿ ಮಾತ್ರ. ಸ್ಥಳವನ್ನು ಸೂಚಿಸುತ್ತಿದ್ದ ಹೆಸರು ಹೋಗಿ ಮೆಟ್ಟಿಲನ್ನು ಸೂಚಿಸುವ ಹೆಸರು ನಿಂತಿದೆ.

೩

ಕೈಯಿಂದ ಕಲಿಯುವ ಪದ್ಧತಿ ಉಳ್ಳವರ ಸೊತ್ತು ಎಂಬ ಭಾವನೆ ಇಂದು ಬೇರೂರಿದೆ. ಅದರ ಚರಿತ್ರೆ ಬೇರೆಯನ್ನೇ ಹೇಳುತ್ತದೆ. ಮರಿಯಾ ಮಾಂಟೆಸ್ಸರಿ ೧೯೦೭ರ ಜನವರಿಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕಾರ್ಮಿಕರ ಕೇರಿಯಲ್ಲಿ. ತಂದೆತಾಯಿಯರು ಕೂಲಿಗೆ ಹೋದಾಗ ವಸತಿಗೃಹಗಳಲ್ಲಿ ಉಳಿದುಬಿಡುತ್ತಿದ್ದ ಮಕ್ಕಳೇ ಅಲ್ಲಿನ ಮೊದಲ ವಿದ್ಯಾರ್ಥಿಗಳು. ಗುಂಡಿ ಹಾಕುವುದು, ನೀರು ಬಗ್ಗಿಸುವುದು, ಗುಡಿಸುವುದು, ಕಾಳು ವಿಂಗಡಿಸುವುದು ಮೊದಲಾದ ಮನೆಗೆಲಸಗಳು ಅಲ್ಲಿ ಪಠ್ಯವಾದವು. ೧೯೩೯ರಲ್ಲಿ ಭಾರತಕ್ಕೆ ಬಂದ ಮಾಂಟೆಸ್ಸರಿ ಮಹಾಯುದ್ಧದ ಕಾಲವನ್ನು ಇಲ್ಲಿಯೇ ಕಳೆದು, ಮದರಾಸಿನ ಅಡಯಾರ್ ಮತ್ತು ಕೊಡೈಕೆನಾಲ್‌ಗಳಲ್ಲಿ ಶಿಕ್ಷಕರನ್ನು ತರಬೇತುಗೊಳಿಸಿದರು.

ಅವರಿಗಿಂತ ಮೊದಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕ ೧೯೨೦ರಲ್ಲಿ ಬಾಲಮಂದಿರವನ್ನು ಆರಂಭಿಸಿ ಈ ಪದ್ಧತಿಯನ್ನು ದೇಶೀಯಗೊಳಿಸಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ೧೯೪೫ರಲ್ಲಿ ಇಂದಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಕೆಲಸ ಆರಂಭಿಸಿದ ಅವರು, ಶಾಲೆಗೆ ಬಾರದ ಬಡಮಕ್ಕಳ ಕೇರಿಯ ಅಂಗಳಕ್ಕೇ ಶಾಲೆಯನ್ನು ಒಯ್ದರು. ಬೀಜ, ಚಿಪ್ಪು, ಎಲೆ, ಕಡ್ಡಿಗಳೇ ಅಲ್ಲಿ ಕಲಿಕೆಯ ಸಾಮಗ್ರಿಗಳಾದವು. ‘ಅಂಗನವಾಡಿ’ ಎಂಬ ಪರಿಕಲ್ಪನೆ ಅಲ್ಲಿಂದ ಬಂದದ್ದು. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಈ ಹೆಸರನ್ನು ದೇಶವ್ಯಾಪಿಗೊಳಿಸಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ರಾಜ್ಯದಲ್ಲಿ ಹತ್ತಾರು ಸಾವಿರ ಅಂಗನವಾಡಿಗಳಿವೆ.

ಈ ಚರಿತ್ರೆಯನ್ನು ಸ್ಮರಿಸುವುದಕ್ಕೆ ಕಾರಣವಿದೆ. ಕಾರ್ಮಿಕರ ಮಕ್ಕಳಿಗಾಗಿ ಹುಟ್ಟಿದ ಪದ್ಧತಿ ವೈಟ್‌ಫೀಲ್ಡಿನಲ್ಲಿ ಶುಲ್ಕ ತೆತ್ತವರಿಗೆ ದೊರೆಯುತ್ತಿದೆ. ಅದೇ ಊರಿನ ಕಾರ್ಮಿಕರ ಮಕ್ಕಳಿಗೆ ಬೀದಿಬದಿಯ ನರ್ಸರಿಯಲ್ಲಿ ದೊರೆಯುತ್ತಿರುವುದು ಗೆರೆ ಎಳೆದ ಪುಸ್ತಕ, ಪೆನ್ಸಿಲ್ಲು ಮತ್ತು ಕಂಠಪಾಠ. ಸಮುಚ್ಚಯದ ಮಗು ಮರದ ತಟ್ಟೆಯಲ್ಲಿ ರಾಜ್ಮಾ ಮತ್ತು ಕಡಲೆಯನ್ನು ಬೇರ್ಪಡಿಸುವಾಗ, ಆ ಮನೆಯ ಕೆಲಸಕ್ಕೆ ಬರುವಾಕೆಯ ಮಗು ಕಾಣದ ಸೇಬಿನ ಇಂಗ್ಲಿಷ್ ಹೆಸರಿನ ಕಾಗುಣಿತವನ್ನು ಹತ್ತು ಸಲ ಬರೆಯುತ್ತಿರುತ್ತದೆ. ಅಸಮಾನತೆ ಶುಲ್ಕದಲ್ಲಿ ಮಾತ್ರವಿಲ್ಲ, ಕೈಗೆ ದೊರೆಯುವ ಅನುಭವದಲ್ಲಿಯೇ ಇದೆ.

೪

ಕೈಯ ಕೆಲಸಕ್ಕೂ ಭಾಷೆಗೂ ಇರುವ ಸಂಬಂಧವನ್ನು ಕನ್ನಡದ ಕ್ರಿಯಾಪದಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಕನ್ನಡದಲ್ಲಿ ಕೋಲು ಮುರಿಯುತ್ತದೆ, ಮಡಕೆ ಒಡೆಯುತ್ತದೆ, ಬಟ್ಟೆ ಹರಿಯುತ್ತದೆ. ತರಕಾರಿಯನ್ನು ಹೆಚ್ಚುತ್ತೇವೆ, ಪೈರನ್ನು ಕೊಯ್ಯುತ್ತೇವೆ, ಕಾಗದವನ್ನು ಕತ್ತರಿಸುತ್ತೇವೆ, ಮರವನ್ನು ಕಡಿಯುತ್ತೇವೆ, ಸೌದೆಯನ್ನು ಸೀಳುತ್ತೇವೆ. ಇಲ್ಲಿ ಕ್ರಿಯಾಪದದ ಆಯ್ಕೆ ವಸ್ತುವಿನ ಗುಣವನ್ನು ಅವಲಂಬಿಸಿದೆ: ಅದು ಉದ್ದವೋ ಗುಂಡೋ, ಗಡುಸೋ ಮೃದುವೋ, ಪೊಳ್ಳೋ ಗಟ್ಟಿಯೋ ಎಂಬುದು ಕೈಗೆ ತಿಳಿಯದೆ ಬಾಯಿಗೆ ಸರಿಯಾದ ಪದ ಬರುವುದಿಲ್ಲ. ಇಂಗ್ಲಿಷಿನಲ್ಲಿ ಕೋಲಿಗೂ ಮಡಕೆಗೂ ‘ಬ್ರೇಕ್’ ಎಂಬ ಒಂದೇ ಪದ ಸಲ್ಲುತ್ತದೆ. ಇದರಿಂದ ಯಾವ ಭಾಷೆಯೂ ಮೇಲು ಕೀಳಾಗುವುದಿಲ್ಲ. ಪ್ರತಿ ಭಾಷೆಯೂ ಅನುಭವವನ್ನು ತನ್ನದೇ ರೀತಿಯಲ್ಲಿ ವಿಂಗಡಿಸುತ್ತದೆ. ಆದರೆ ಆ ವಿಂಗಡಣೆಯನ್ನು ಮಗು ಚಿತ್ರಪಟದಿಂದ ಕಲಿಯಲಾರದು. ಚಿತ್ರದಲ್ಲಿರುವ ಕೋಲು ಮುರಿಯುವುದಿಲ್ಲ.

ಅವರೆಕಾಯಿಯ ಕಾಲವನ್ನು ಉದಾಹರಣೆಗೆ ನೋಡಬಹುದು. ಬೆಂಗಳೂರಿನ ಸುತ್ತ ಚಳಿಗಾಲದಲ್ಲಿ ಅವರೆಕಾಯಿ ಬರುತ್ತದೆ. ಕಾಯಿಯನ್ನು ಸುಲಿದು, ಕಾಳನ್ನು ನೆನೆಹಾಕಿ, ಅನಂತರ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿತುಕುತ್ತೇವೆ. ‘ಹಿತುಕು’ ಎಂಬ ಕ್ರಿಯಾಪದ ‘ಹಿಂಡು’ ಅಲ್ಲ, ‘ಒತ್ತು’ ಅಲ್ಲ, ‘ಚಿವುಟು’ವೂ ಅಲ್ಲ. ಎಷ್ಟು ಒತ್ತಿದರೆ ಬೇಳೆ ಜಾರಿ ಹೊರಬರುತ್ತದೆ, ಎಷ್ಟು ಒತ್ತಿದರೆ ನಜ್ಜುಗುಜ್ಜಾಗುತ್ತದೆ ಎಂಬ ಅಂದಾಜು ಬೆರಳಿಗೆ ಬಂದಾಗ ಪದದ ಅರ್ಥವೂ ಬಂದಿರುತ್ತದೆ. ಹೀಗೆ ಕಾಳು ಹಿತುಕುವ ಬೆರಳುಗಳೇ ಮುಂದೆ ಬಳಪವನ್ನೂ ಪೆನ್ಸಿಲನ್ನೂ ಹಿಡಿಯುವ ಬೆರಳುಗಳು. ಒಂದು ಬಟ್ಟಲು ಕಾಳಿನಲ್ಲಿ ಪದಕೋಶ, ಎಣಿಕೆ, ಸ್ನಾಯುಗಳ ಹಿಡಿತ, ಕೆಲಸ ಮುಗಿಯುವವರೆಗೆ ಕುಳಿತಿರುವ ತಾಳ್ಮೆ ಎಲ್ಲವೂ ಇವೆ.

ಎಣಿಕೆಯ ವಿಷಯದಲ್ಲಿಯೂ ಹೀಗೆಯೇ. ಅಳಗುಳಿಮಣೆಯ ಎರಡು ಸಾಲಿನ ಏಳೇಳು ಕುಳಿಗಳಲ್ಲಿ ಹುಣಸೆಬೀಜ ಹಂಚುತ್ತಾ ಹೋಗುವ ಮಗು, ಒಂದು ಸಂಖ್ಯೆಗೆ ಒಂದು ವಸ್ತು ಎಂಬ ಗಣಿತದ ಮೊದಲ ಪಾಠವನ್ನು ಕೈಯಿಂದ ಕಲಿಯುತ್ತದೆ. ಬೀಜಗಳು ಎರಡು, ಆಡುವವರು ಇಬ್ಬರು. ಬೀಜಗಳು ಮೂರು, ನೋಡುವವರು ಮೂವರು. ವಸ್ತುವಿಗೂ ಮನುಷ್ಯರಿಗೂ ಬೇರೆ ಬೇರೆ ಸಂಖ್ಯಾವಾಚಕಗಳನ್ನು ಬಳಸುವ ಕನ್ನಡದ ಕ್ರಮ ವ್ಯಾಕರಣದ ಪಾಠವಿಲ್ಲದೆ ನಾಲಿಗೆಗೆ ಇಳಿಯುವುದು ಹೀಗೆ.

೫

ಅಕ್ಷರದ ಬಗೆಗೂ ಒಂದು ಮಾತು ಅಗತ್ಯ. ನಾಲ್ಕನೆಯ ವರ್ಷದಲ್ಲಿ ಮಗು ಬರೆಯದಿದ್ದರೆ ಕಲಿಯುತ್ತಿಲ್ಲವೆಂದು ಪೋಷಕರು ಆತಂಕಪಡುತ್ತಾರೆ. ನರ್ಸರಿಗಳು ಆ ಆತಂಕವನ್ನೇ ಬಂಡವಾಳವಾಗಿಸಿಕೊಂಡಿವೆ. ಕನ್ನಡದ ಅಕ್ಷರಗಳು ದುಂಡಗಿನವು. ಬಳಸು, ತಿರುವು, ಕೊಂಬು, ಒತ್ತುಗಳಿಂದ ಕೂಡಿದವು. ಮಣಿಕಟ್ಟು ಇನ್ನೂ ಬಲಿಯದ ಮಗುವಿಗೆ ಅವನ್ನು ಎರಡು ಗೆರೆಗಳ ನಡುವೆ ಬರೆಯುವುದು ಶಿಕ್ಷೆಯೇ ಸರಿ. ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದ ಕ್ರಮದಲ್ಲಿ ದಂಡನೆಯ ಭಾಗವನ್ನು ಬಿಟ್ಟರೂ ಮರಳಿನ ವಿವೇಕವನ್ನು ಬಿಡಬೇಕಾಗಿಲ್ಲ. ಮಾಂಟೆಸ್ಸರಿಯ ಉಪ್ಪುಕಾಗದದ ಅಕ್ಷರಗಳೂ ಬೆರಳಿನ ಸ್ಪರ್ಶದಿಂದಲೇ ಅಕ್ಷರವನ್ನು ಪರಿಚಯಿಸುತ್ತವೆ. ನೆಲಕ್ಕೆ ಚುಕ್ಕೆ ಇಟ್ಟು ರಂಗೋಲಿಯ ಎಳೆ ಸುತ್ತಿಸುವುದು ಕನ್ನಡ ಲಿಪಿಗೆ ಬಹು ಸಮೀಪದ ಪೂರ್ವಸಿದ್ಧತೆ.

ಈ ದಿಕ್ಕಿನಲ್ಲಿ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾಗಿ ಅನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದ ನಲಿಕಲಿ ಪದ್ಧತಿ, ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂಬ ಕ್ರಮದಿಂದ ಅಕ್ಷರ ಕಲಿಸುತ್ತದೆ. ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಬಹುದಾದ ಅಕ್ಷರಗಳಿಂದ ತೊಡಗುವ ಈ ಕ್ರಮ ಮಗುವಿನ ಕೈಯನ್ನು ಗಮನಿಸಿ ರೂಪಿಸಿದ್ದು. ಅಂಗನವಾಡಿಗಳಿಗೆಂದು ಇಲಾಖೆ ರೂಪಿಸಿದ ‘ಚಿಲಿಪಿಲಿ’ ಪಠ್ಯಕ್ರಮವೂ ಚಟುವಟಿಕೆಯನ್ನೇ ಆಧರಿಸಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. ೨೦೨೨ರಲ್ಲಿ ಆ ಹಂತಕ್ಕೆಂದೇ ಬಂದ ಪಠ್ಯಕ್ರಮ ಚೌಕಟ್ಟು ಆಟವನ್ನೂ ಮನೆಮಾತನ್ನೂ ಕೇಂದ್ರದಲ್ಲಿರಿಸಿತು. ಕಾಗದದ ಮೇಲೆ ಕೊರತೆ ಕಡಿಮೆ. ಕೊರತೆಯಿರುವುದು ಅಂಗಳದಲ್ಲಿ.

೬

ನಗರದ ಅನೇಕ ಅಂಗನವಾಡಿಗಳು ಬಾಡಿಗೆಯ ಕಿರುಕೋಣೆಗಳಲ್ಲಿ ನಡೆಯುತ್ತಿವೆ. ಹೆಸರಿನಲ್ಲಿ ಅಂಗಳವಿದೆ, ಕಟ್ಟಡದಲ್ಲಿ ಅಂಗಳವಿಲ್ಲ. ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ ಮೊದಲಾದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಇತರ ಐದರ ದಾಖಲೆ, ಸಮೀಕ್ಷೆ, ೨೦೨೧ರಿಂದ ಬಂದ ಪೋಷಣ್ ಟ್ರ್ಯಾಕರ್ ನಮೂದುಗಳ ನಡುವೆ ಅದಕ್ಕೆ ಉಳಿಯುವ ವೇಳೆ ಅತ್ಯಲ್ಪ. ಅಂಗನವಾಡಿ ಮುಚ್ಚುವ ಹೊತ್ತಿಗೆ ತಾಯಿಯ ಗಾರ್ಮೆಂಟ್ಸ್ ಪಾಳಿ ಮುಗಿದಿರುವುದಿಲ್ಲ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು ೧೯೪೮ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ಐವತ್ತು ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ೨೦೧೭ರ ಹೆರಿಗೆ ಸೌಲಭ್ಯ ತಿದ್ದುಪಡಿ ಅದೇ ಹೊಣೆಯನ್ನು ಹೊರಿಸಿತು. ಅಲ್ಲಿಯೂ ಮಗುವನ್ನು ‘ನೋಡಿಕೊಳ್ಳುವುದು’ ಕರ್ತವ್ಯವಾಯಿತೇ ಹೊರತು ಮಗುವಿನೊಡನೆ ಮಾತನಾಡುವುದು ಕರ್ತವ್ಯವಾಗಲಿಲ್ಲ.

ಮಾತಿನ ಪ್ರಶ್ನೆ ಈ ವಲಯದಲ್ಲಿ ಸರಳವಾದುದಲ್ಲ. ಒಂದೇ ಕೋಣೆಯಲ್ಲಿ ತೆಲುಗು, ತಮಿಳು, ಹಿಂದಿ, ಉರ್ದು, ಒಡಿಯಾ, ಬಂಗಾಳಿ ಮನೆಮಾತಿನ ಮಕ್ಕಳಿರಬಹುದು. ಕನ್ನಡ ಮನೆಮಾತಿನ ಮಕ್ಕಳೂ ಒಂದೇ ಕನ್ನಡವನ್ನು ತರುವುದಿಲ್ಲ: ಕೋಲಾರದ ಕಡೆಯ ಮಗುವಿನ ಚೊಂಬು ರಾಯಚೂರಿನ ಮಗುವಿಗೆ ತಂಬಿಗೆ; ಒಬ್ಬರ ಮೊರ ಇನ್ನೊಬ್ಬರಿಗೆ ಮರ. ಇಂಥಲ್ಲಿ ವರ್ಣಮಾಲೆಯ ಕಂಠಪಾಠದಿಂದ ತೊಡಗುವ ಕನ್ನಡ ಯಾರದ್ದೂ ಆಗುವುದಿಲ್ಲ. ವಸ್ತು ನಡುವೆ ಇದ್ದಾಗ ಸ್ಥಿತಿ ಬೇರೆ. ನೀರು ತುಂಬಿದ ಚೊಂಬು ಎದುರಿಗಿದ್ದರೆ ಅದನ್ನು ತಂಬಿಗೆಯೆಂದ ಮಗು ತಪ್ಪು ಮಾಡಿದಂತಾಗುವುದಿಲ್ಲ. ಗುಂಪಿಗೆ ಎರಡು ಹೆಸರು ದೊರೆತಂತಾಗುತ್ತದೆ.

ಹಿಂದೆ ಹೇಳಿದ ಮುರಿ–ಒಡೆ ಭೇದವನ್ನೇ ಮತ್ತೆ ಗಮನಿಸಬಹುದು. ತಮಿಳಿನಲ್ಲಿ ಒಡಿ–ಉಡೈ, ತೆಲುಗಿನಲ್ಲಿ ವಿರುಗು–ಪಗುಲು, ಹಿಂದಿಯಲ್ಲಿ ಟೂಟ್‌ನಾ–ಫೂಟ್‌ನಾ ಎಂಬ ಜೋಡಿಗಳು ಹೆಚ್ಚುಕಡಿಮೆ ಇದೇ ಭೇದವನ್ನು ಮಾಡುತ್ತವೆ. ಅಂದರೆ ವಲಸೆ ಬಂದ ಕುಟುಂಬದ ಮಗು ಅನುಭವದ ಈ ವಿಂಗಡಣೆಯನ್ನು ಮನೆಯಿಂದಲೇ ಹೊತ್ತು ತರುತ್ತದೆ. ಕೈಯಲ್ಲಿ ಕಡ್ಡಿಯೂ ಎದುರಿನಲ್ಲಿ ಮಣ್ಣಿನ ಹಣತೆಯೂ ಇದ್ದರೆ ಅದಕ್ಕೆ ಬೇಕಾದದ್ದು ಕನ್ನಡದ ಹೆಸರು ಮಾತ್ರ. ಮನೆಮಾತನ್ನು ಅಳಿಸದೆ ಕನ್ನಡವನ್ನು ಅಂಗಳದ ಸಾಮಾನ್ಯ ಭಾಷೆಯಾಗಿಸುವ ದಾರಿ ಇದು. ಬೀದಿಯ ನಾಮಫಲಕಗಳಲ್ಲಿ ಕನ್ನಡವಿರಬೇಕೆಂದು ಒತ್ತಾಯಿಸುವುದು ನ್ಯಾಯವೇ. ಆದರೆ ಕನ್ನಡ ಕಲಿಯಲು ಯಾವ ಹಿಂಜರಿಕೆಯೂ ಇಲ್ಲದ ನಾಲ್ಕು ವರ್ಷದ ಸಾವಿರಾರು ಮಕ್ಕಳು ಅದೇ ಬೀದಿಯಲ್ಲಿರುವಾಗ ಅವರನ್ನು ಕಾಣದಿರುವುದು ನ್ಯಾಯವಲ್ಲ.

೭

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಹಗುರವಾಗಿ ಕಾಣುವಂತಿಲ್ಲ. ಮೊದಲನೆಯದು ಇಂಗ್ಲಿಷಿನದು. ಟೆಕ್ ಪಾರ್ಕಿನ ಬಾಗಿಲಿನಲ್ಲಿ ಕಾವಲು ನಿಲ್ಲುವವನಿಗೆ ಇಂಗ್ಲಿಷ್ ಬಲ್ಲವರಿಗೂ ಬಾರದವರಿಗೂ ಇರುವ ಸಂಬಳದ ಅಂತರ ದಿನನಿತ್ಯ ಕಣ್ಣಿಗೆ ಬೀಳುತ್ತದೆ. ತನ್ನ ಮಗುವಿಗೆ ಇಂಗ್ಲಿಷ್ ಬೇಕೆಂದು ಅವನು ಬಯಸಿದರೆ ಅದನ್ನು ಭಾಷಾದ್ರೋಹವೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅವನು ಕೊಂಡುಕೊಳ್ಳುತ್ತಿರುವುದು ಇಂಗ್ಲಿಷನ್ನಲ್ಲ, ಇಂಗ್ಲಿಷಿನ ಕೆಲವು ಅಕ್ಷರಗಳನ್ನು ಮತ್ತು ಬಿಡಿ ನಾಮಪದಗಳನ್ನು. ಒಂದು ಮಾತಿನಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳಬಲ್ಲ, ಪ್ರಶ್ನೆ ಕೇಳಬಲ್ಲ ಮಗು ಎರಡನೆಯ ಮಾತನ್ನು ಕಟ್ಟಿಕೊಳ್ಳುತ್ತದೆ. ಯಾವ ಮಾತೂ ಗಟ್ಟಿಯಾಗದ ಮಗುವಿಗೆ ಎರಡೂ ಕೈಗೆಟುಕುವುದಿಲ್ಲ.

ಎರಡನೆಯದು ಸರ್ಕಾರದ ಉತ್ತರದ ಸ್ವರೂಪ. ೨೦೨೪ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವನ್ನು ಅಂಗನವಾಡಿ ಕಾರ್ಯಕರ್ತೆಯರು ವಿರೋಧಿಸಿದರು. ಮಕ್ಕಳೆಲ್ಲ ಅತ್ತ ಹೋದರೆ ಅಂಗನವಾಡಿ ಉಳಿಯದೆಂಬ ಭೀತಿ ಅವರದು. ಅದೇ ವರ್ಷ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಆಯ್ದ ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರಿನಲ್ಲಿ ಮೇಲ್ದರ್ಜೆಗೇರಿಸತೊಡಗಿತು. ಮಾಂಟೆಸ್ಸರಿ ಕಾರ್ಮಿಕರ ಕೇರಿಗೆ ಮರಳಿದರೆ ಅದು ಸ್ವಾಗತಾರ್ಹವೇ. ಆದರೆ ಹೊಸ ಫಲಕದ ಕೆಳಗೆ ಹಳೆಯ ನರ್ಸರಿಯ ಗೆರೆಪುಸ್ತಕವೇ ಬಂದರೆ, ಬಡವರ ಮಕ್ಕಳಿಗೆ ಮತ್ತೊಮ್ಮೆ ಹೆಸರು ಮಾತ್ರ ದಕ್ಕಿದಂತಾಗುತ್ತದೆ.

ಮೂರನೆಯ ಆಕ್ಷೇಪ, ಇದು ಹಳ್ಳಿಯ ಬದುಕಿನ ಹಂಬಲವೆಂಬುದು. ಬೀಸುವ ಕಲ್ಲು, ಒನಕೆಗಳು ಪೀಣ್ಯದ ವಠಾರಕ್ಕೆ ಮರಳಲಾರವು, ಮರಳಬೇಕಾಗಿಯೂ ಇಲ್ಲ. ಆ ವಠಾರಕ್ಕೆ ತನ್ನದೇ ಕೈಗಾರಿಕೆ ಇದೆ. ತಾಯಿ ಹೊಲಿಗೆಯ ಕಸುಬನ್ನು ಬಲ್ಲಳು, ತಂದೆ ಲೇತಿನ ಮುಂದೆ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಿಂದ ಗುರುತಿಸಬಲ್ಲನು. ದೊಡ್ಡ ನಟ್ಟು ಬೋಲ್ಟುಗಳನ್ನು ತಿರುಗಿಸಿ ಬಿಗಿ ಮಾಡುವುದು, ಸಡಿಲಿಸುವುದು. ಬಟ್ಟೆಯ ತುಂಡುಗಳನ್ನು ಬಣ್ಣ ನೋಡಿ ಜೋಡಿಸುವುದು, ಮಡಿಸುವುದು, ಗುಂಡಿ ಹಾಕುವುದು ಇವೆಲ್ಲ ಶಾಲಾಪೂರ್ವ ಕಲಿಕೆಯ ಅತ್ಯುತ್ತಮ ಸಾಮಗ್ರಿಗಳು. ಕೈಯ ಕುಶಲತೆಯ ಮೇಲೆ ನಿಂತಿರುವ ಕೈಗಾರಿಕಾ ಪ್ರದೇಶದಲ್ಲಿ, ಆ ಕುಶಲಿಗಳ ಮಕ್ಕಳಿಗೆ ಕೈಕಟ್ಟಿ ಕೂರುವುದನ್ನು ಶಿಕ್ಷಣವೆಂದು ಕಲಿಸಲಾಗುತ್ತಿದೆ.

೮

ಸಂವಿಧಾನದ ೮೬ನೆಯ ತಿದ್ದುಪಡಿ ೨೦೦೨ರಲ್ಲಿ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರಕ್ಕಿಂತ ಕಿರಿಯರನ್ನು ನಿರ್ದೇಶಕ ತತ್ತ್ವದ ೪೫ನೆಯ ವಿಧಿಗೆ ಒಪ್ಪಿಸಿತು. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ೧೧ನೆಯ ಪ್ರಕರಣವೂ ಅವರಿಗಾಗಿ ಸರ್ಕಾರ ಏರ್ಪಾಡು ಮಾಡಬಹುದೆಂದು ಹೇಳಿತಷ್ಟೆ. ಅಂಗನವಾಡಿಗಳು ನಡೆಸುವುದು ಆ ಪ್ರಕರಣದ ಶಾಲಾಪೂರ್ವ ಶಿಕ್ಷಣವನ್ನೇ ಎಂದು ೨೦೨೨ರ ಏಪ್ರಿಲ್‌ನಲ್ಲಿ ಕಾರ್ಯಕರ್ತೆಯರ ಉಪದಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಗುರುತಿಸಿತು. ಕಾರ್ಯಕರ್ತೆಯನ್ನು ಶಿಕ್ಷಕಿಯೆಂದು ಒಪ್ಪುವುದಾದರೆ ಆಕೆಗೆ ಮಕ್ಕಳೊಡನೆ ಕಳೆಯಲು ನಿರಾತಂಕವಾದ ಮೂರು ಗಂಟೆಗಳೂ, ಆ ಮಕ್ಕಳಿಗೆ ಒಂದಿಷ್ಟು ಅಂಗಳವೂ ಸಿಗಬೇಕು. ಹೊಸ ಬಡಾವಣೆಗೆ ಅನುಮತಿ ನೀಡುವಾಗ ಉದ್ಯಾನಕ್ಕೆ ಜಾಗ ಕೇಳುವ ಆಡಳಿತ ಅಂಗನವಾಡಿಗೂ ಜಾಗ ಕೇಳಬೇಕು.

ಕನ್ನಡ ವಿಭಾಗಗಳ ಪಾಲಿನ ಕೆಲಸವೂ ಇದೆ. ಮಕ್ಕಳ ಆಟ, ಒಗಟು, ಎಣಿಕೆಯ ಪದಗಳನ್ನು ಜಾನಪದ ವಿದ್ವಾಂಸರು ದಶಕಗಳಿಂದ ಸಂಗ್ರಹಿಸಿದ್ದಾರೆ. ಆ ಸಂಗ್ರಹಗಳು ಗ್ರಂಥಾಲಯದ ಕಪಾಟಿನಲ್ಲಿವೆ, ಅಂಗನವಾಡಿಯಲ್ಲಿಲ್ಲ. ಕೈಗೆಲಸದ ಕ್ರಿಯಾಪದಗಳ ಒಂದು ಕಿರುಕೋಶ, ಪ್ರಾದೇಶಿಕ ಪರ್ಯಾಯಗಳೊಡನೆ ಮತ್ತು ನೆರೆಭಾಷೆಗಳ ಸಮಾನ ಪದಗಳೊಡನೆ, ಯಾವುದೇ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳು ಎ�ರಡು ವರ್ಷಗಳಲ್ಲಿ ಸಿದ್ಧಪಡಿಸಬಹುದಾದ ಕೆಲಸ. ಹೊರವಲಯದ ಅಂಗನವಾಡಿಗಳಲ್ಲಿ ಮಕ್ಕಳು ವಾಸ್ತವವಾಗಿ ಯಾವ ಮಾತುಗಳನ್ನು ಆಡುತ್ತಾರೆಂಬ ಕ್ಷೇತ್ರಾಧ್ಯಯನ ನಡೆಯಬೇಕು. ಕಾರ್ಯಕರ್ತೆಯರ ತರಬೇತಿಯಲ್ಲಿ ಭಾಷೆಯ ಪಾಠವನ್ನು ಭಾಷೆ ಬಲ್ಲವರು ಹೇಳಬೇಕು.

ಕನ್ನಡದ ಅಳಿವು ಉಳಿವಿನ ಪ್ರಶ್ನೆಯನ್ನು ನಾವು ಬಹುಕಾಲ ನ್ಯಾಯಾಲಯಗಳ ಮುಂದೆಯೂ ವಿಧಾನಸೌಧದ ಮುಂದೆಯೂ ಇಟ್ಟಿದ್ದೇವೆ. ಮಾಧ್ಯಮದ ಹೋರಾಟದಲ್ಲಿ ಕಾನೂನಿನ ದಾರಿ ೨೦೧೪ರಲ್ಲಿಯೇ ಬಹುಮಟ್ಟಿಗೆ ಮುಚ್ಚಿದೆ. ಮೂರು ವರ್ಷದ ಮಗುವಿನ ಮುಂದೆ ಒಂದು ಬಟ್ಟಲು ಕಾಳನ್ನಿಟ್ಟು ಅದರೊಡನೆ ಕನ್ನಡದಲ್ಲಿ ಮಾತನಾಡುವುದನ್ನು ಯಾವ ತೀರ್ಪೂ ತಡೆದಿಲ್ಲ.